ಭೀಮೆಯ ನೆತ್ತಿಯಲ್ಲಿ ಅತ್ತಿಮರ

ಮರದ ಬುಡದಲ್ಲಿ ಒಂದು ಹಿಡಿ ಪುಡಿ ಬಿದ್ದಿತ್ತು. ಒಡೆದ ಜೋಳದ ನುಚ್ಚಿನ ಹಾಗೆ ಒರಟು, ಬಣ್ಣ ಮಾತ್ರ ಕಟ್ಟಿಗೆಯದು. ತೋಟದ ಯಜಮಾನರು ಕುಕ್ಕರುಗಾಲಲ್ಲಿ ಕೂತು ಕಾಂಡದ ಮೇಲೆ ಕೈಯಾಡಿಸಿ, ತೊಗಟೆಯಲ್ಲಿದ್ದ ತೂತು ಹುಡುಕಿದರು. ತುದಿ ಬಗ್ಗಿಸಿದ ಸೈಕಲ್ ಕಡ್ಡಿಯನ್ನು ಒಳಗೆ ತೂರಿಸಿ, ಎರಡು ಮೂರು ಸಲ ತಿರುವಿ ಎಳೆದರು. ಕೊಕ್ಕೆಗೆ ಸಿಕ್ಕು ಹೊರಬಂದದ್ದು ಕೆನೆಬಣ್ಣದ, ಕಾಲಿಲ್ಲದ, ನನ್ನ ನಡುಬೆರಳಿನಷ್ಟು ಉದ್ದದ ಹುಳು. ಅದನ್ನು ಕಲ್ಲಿನ ಮೇಲೆ ಹಾಕಿ, ಸೀಮೆಎಣ್ಣೆಯಲ್ಲಿ ಅದ್ದಿದ ಅರಳೆಯನ್ನು ತೂತಿಗೆ ತುರುಕಿ, ಮೇಲೆ ಹಸಿಮಣ್ಣು ಮೆತ್ತಿದರು.

ಪುಣೆಯಿಂದ ದಿವೆ ಘಾಟ್ ಏರಿದರೆ ಪುರಂದರ ತಾಲ್ಲೂಕು. ಸಾಸವಡದ ಸುತ್ತಿನ ಊರುಗಳಲ್ಲಿ ಬೆಳೆಯುವ ಅಂಜೂರಕ್ಕೆ 2016ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಮಳೆಗಾಲದಲ್ಲಿ ಕಾಯಿ ಹಿಡಿದು ಬರುವ ಫಸಲಿಗೆ ಇಲ್ಲಿಯವರು ಖಟ್ಟಾ ಬಹಾರ ಎನ್ನುತ್ತಾರೆ, ಬೇಸಿಗೆಯ ಸಿಹಿ ಫಸಲಿಗೆ ಮೀಠಾ ಬಹಾರ. ನಾನು ಹೋದದ್ದು ಏಪ್ರಿಲ್‌ನಲ್ಲಿ. ನೇರಳೆಗೆಂಪಿನ ಹಣ್ಣುಗಳು ಎಲೆಗಳ ನಡುವೆ ಜೋತಾಡುತ್ತಿದ್ದವು. ಆದರೆ ಯಜಮಾನರ ಕಣ್ಣು ಹಣ್ಣಿನ ಮೇಲಿರಲಿಲ್ಲ, ಬುಡದ ಪುಡಿಯ ಮೇಲಿತ್ತು. ಪ್ರತಿ ಮರದ ಬುಡವನ್ನೂ ಬಗ್ಗಿ ನೋಡುತ್ತ ನಡೆಯುತ್ತಿದ್ದರು.

"ಖೋಡಕಿಡಾ" ಎಂದರು. ಕಾಂಡ ಕೊರೆಯುವ ಹುಳು. ಮುಂದೆ ಅವರು ಮರಾಠಿಯಲ್ಲಿ ಹೇಳಿದ್ದನ್ನು ನಮ್ಮೂರ ಮಾತಿಗೆ ತಂದರೆ ಹೀಗೆ: "ಇದು ಘಾಟದ ಮ್ಯಾಲಿನ ಉಂಬರದಾಗಿಂದ ಇಳದು ಬರತೈತಿ ಕಾಕಾ. ಕಾಡ ಇದರ ತವರ. ಕಾಡ ಇರೂತನಕ ನಮಗ ಇದರ ಕಾಟ ತಪ್ಪಿದ್ದಲ್ಲ."

ಉಂಬರ ಎಂದರೆ ನಮ್ಮ ಅತ್ತಿ. ಆ ಮಾತು ನನ್ನನ್ನು ಚುಚ್ಚಿತು. ನಾನು ಹುಟ್ಟಿದ್ದು ಗಾಣಗಾಪುರದಿಂದ ಎರಡು ಹರದಾರಿ ದೂರದ ಊರಲ್ಲಿ, ಭೀಮಾ ನದಿಯ ದಂಡೆಯಲ್ಲಿ. ಭೀಮೆ, ಅಮರ್ಜಾ ಕೂಡುವ ಸಂಗಮದಲ್ಲಿ ಅತ್ತಿಮರಕ್ಕೆ ಪ್ರದಕ್ಷಿಣೆ ಹಾಕುತ್ತ ಬೆಳೆದವನು. ನಮ್ಮ ಪಾಲಿಗೆ ಔದುಂಬರವೆಂದರೆ ದತ್ತನ ನೆಲೆ. ಅದು ಹುಳುವಿನ ತವರು ಎಂಬ ದೂರನ್ನು ಕೇಳಿದ್ದು ಅಂದೇ ಮೊದಲು. ಆದರೆ ಸುಳ್ಳೆನ್ನಲೂ ಬಾಯಿ ಬರಲಿಲ್ಲ. ಅತ್ತಿ ಹಣ್ಣು ಬಿಡಿಸಿದಾಗಲೆಲ್ಲ ಹುಳ ಕಂಡವನೇ ನಾನು. ಅವ್ವ ಹಣ್ಣನ್ನು ಎರಡು ಹೋಳು ಮಾಡಿ, ಬಿಸಿಲಿಗೆ ಹಿಡಿದು ಊದಿ ಕೈಗಿಡುತ್ತಿದ್ದಳು. "ಊದಿ ತಿನ್ನು ತಮ್ಮಾ, ಅವು ತಮ್ಮ ಮನೀಗೆ ಹಾರಿ ಹೋಗ್ತಾವ" ಎನ್ನುತ್ತಿದ್ದಳು. ಆ ಮನೆ ಎಲ್ಲಿ ಎಂದು ನಾನು ಕೇಳಿರಲಿಲ್ಲ.

ಪುಣೆಯಲ್ಲಿ ಮಗಳ ಮನೆಗೆ ಬಂದಿದ್ದೆ. ಭೀಮಾಶಂಕರ ನೋಡಬೇಕೆಂಬ ಆಸೆ ಮೊದಲಿಂದಲೂ ಇತ್ತು, ನಮ್ಮ ನದಿ ಹುಟ್ಟುವುದು ಅಲ್ಲಿ. ಈಗ ಘಾಟದ ಮೇಲಿನ ಅತ್ತಿಯನ್ನು ಕಾಣುವ ಕಾರಣವೂ ಸೇರಿತು. ಮರುದಿನ ನಸುಕಿನಲ್ಲೇ ಹೊರಟೆ.

ನಾಸಿಕ ರಸ್ತೆ ಹಿಡಿದು ಚಾಕಣದ ಕಾರ್ಖಾನೆಗಳನ್ನು ದಾಟಿ, ರಾಜಗುರುನಗರ, ಮಂಚರ ಹಾದು, ಘೋಡೆಗಾವದ ಕಡೆಗೆ ಎಡಕ್ಕೆ ತಿರುಗಿದರೆ ನೆಲದ ಬಣ್ಣವೇ ಬದಲಾಗುತ್ತದೆ. ಡಿಂಭೆ ಅಣೆಕಟ್ಟಿನ ಹಿನ್ನೀರು ಬೇಸಿಗೆಗೆ ಇಳಿದು ದಡದಲ್ಲಿ ಮೆಟ್ಟಿಲು ಮೆಟ್ಟಿಲಾದ ಕೆಸರಿನ ಗೆರೆಗಳು. ಅಲ್ಲಿಂದ ಮುಂದೆ ಮಹಾದೇವ ಕೋಳಿ ಜನರ ಹಳ್ಳಿಗಳು. ಅಂಗಳಗಳಲ್ಲಿ ಹಿರ್ಡಾ ಒಣಗುತ್ತಿತ್ತು, ನಾವು ಅಳಲೆಕಾಯಿ ಎನ್ನುವುದು. ಎಳೆಗಾಯಿಯನ್ನೇ ಆರಿಸಿ ಒಣಗಿಸಿ ಮಾರುವುದು ಅಂಬೇಗಾವ, ಜುನ್ನರದ ಬೆಟ್ಟದ ಜನರಿಗೆ ವರ್ಷದ ದೊಡ್ಡ ಆದಾಯ. ಕಾಡಿನ ಮರ ಇಲ್ಲಿ ಮನೆಯ ಲೆಕ್ಕದಲ್ಲಿದೆ.

ಭೀಮಾಶಂಕರ ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರದ ಸಹ್ಯಾದ್ರಿಯ ಅಂಚು. ಪಶ್ಚಿಮಕ್ಕೆ ಬೆಟ್ಟ ಕಡಿದಂತೆ ಕೊಂಕಣಕ್ಕೆ ಇಳಿಯುತ್ತದೆ. ಪೂರ್ವಕ್ಕೆ ಇಳಿಯುವ ನೀರೆಲ್ಲ ಭೀಮೆ. ಜ್ಯೋತಿರ್ಲಿಂಗದ ಗುಡಿಯ ಹತ್ತಿರ ನದಿಯ ಮೂಲವೆಂದು ತೋರಿಸುವ ಕುಂಡದ ಮುಂದೆ ನಿಂತೆ. ನಮ್ಮೂರಲ್ಲಿ ಪ್ರವಾಹ ಬಂದ ವರ್ಷ ಆಚೆ ದಡ ಕಾಣದಷ್ಟು ಹರಡಿದ ನೀರು ಇಲ್ಲಿ ಬೊಗಸೆಯಷ್ಟು. ಇಲ್ಲಿಂದ ಪಂಢರಪುರದ ಮೇಲೆ ಹಾದು, ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳ ಹೊಲಗಳಿಗೆ ಹಸಿ ಕೊಟ್ಟು, 861 ಕಿಲೋಮೀಟರ್ ಹರಿದು ಅದು ರಾಯಚೂರಿನ ಸೀಮೆಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ಆ ಬೊಗಸೆಗೆ ಕೈಮುಗಿದೆ.

ಗುಡಿಯ ಗದ್ದಲದಿಂದ ಹೊರಬಂದು, ಅರಣ್ಯದ ಅಂಚಿನ ಹಳ್ಳಿಯ ಹಿರಿಯರೊಬ್ಬರನ್ನು ದಾರಿ ತೋರಿಸಲು ಕರೆದುಕೊಂಡೆ. ನಾನು ಅವರನ್ನು ಮಾಮಾ ಎಂದೆ, ಅವರು ನನ್ನನ್ನು ಪಾವ್ಹಣೆ ಎಂದರು, ನೆಂಟನನ್ನು ಕರೆಯುವ ಹಾಗೆ. ಉಂಬರ ನೋಡಬೇಕು ಎಂದಾಗ ಅವರು ಏಕೆ ಎಂದು ಕೇಳಲಿಲ್ಲ. ಸೀದಾ ಒಂದು ಹಳ್ಳದ ದಂಡೆಗೆ ಕರೆದೊಯ್ದರು. "ಉಂಬರ ಎಲ್ಲಿ ಐತೋ ಅಲ್ಲಿ ನೆಲದಾಗ ನೀರ ಐತಿ" ಎಂದರು. ನಮ್ಮೂರಲ್ಲೂ ಬಾವಿ ತೋಡುವವರು ಇದೇ ಮಾತು ಹೇಳುತ್ತಿದ್ದರು.

ಇಬ್ಬರು ತಬ್ಬಿದರೂ ಸಾಲದ ಮರ. ಕಾಂಡದ ಮೈಗೇ ಅಂಟಿಕೊಂಡು ಬುಡದಿಂದ ಕೊಂಬೆಯ ಕವಲಿನವರೆಗೆ ಗೊಂಚಲು ಗೊಂಚಲು ಕಾಯಿ. ಹಸಿರು, ಹಳದಿ, ಕೆಂಪು. ನಾನು ಅದನ್ನು ಭಕ್ತನ ಕಣ್ಣಿನಿಂದ ನೋಡಿದ್ದೇ ಹೆಚ್ಚು. ಅಂದು ಸಾಸವಡದ ರೈತರ ಕಣ್ಣಿನಿಂದ ನೋಡಿದೆ, ಎಲ್ಲೆಲ್ಲಿ ಹುಳ ಇದೆ ಎಂದು.

ಎಲ್ಲ ಕಡೆಯೂ ಇತ್ತು. ಎಲೆಗಳ ಮೇಲೆ ಸಿಡುಬೆದ್ದ ಹಾಗೆ ಗುಳ್ಳೆಗಳು. ಅದು ಪೌರೊಪ್ಸಿಲ್ಲಾ ಎಂಬ ಪುಟ್ಟ ರಸ ಹೀರುವ ಕೀಟದ ಕೆಲಸ. ಎಳೆಯ ಎಲೆಯಲ್ಲಿ ಅದು ಮೊಟ್ಟೆಯಿಟ್ಟರೆ ಎಲೆ ಸುತ್ತ ಬೆಳೆದು ಗಂಟು ಕಟ್ಟುತ್ತದೆ, ಮರಿ ಅದರೊಳಗೆ ಕೂತು ಬೆಳೆಯುತ್ತದೆ, ಗಂಟು ಬಿರಿದಾಗ ರೆಕ್ಕೆ ಬಂದು ಹಾರುತ್ತದೆ. ಇದೇ ಗಂಟುಗಳನ್ನು ಹಾಲಿನಲ್ಲಿ ನೆನೆಸಿ, ಜೇನು ಕೂಡಿಸಿ ಸಿಡುಬಿನ ರೋಗಿಗೆ ಕೊಡುವ ರೂಢಿ ನಮ್ಮ ದೇಶಿ ವೈದ್ಯದಲ್ಲಿತ್ತು. ಕಾಂಡದ ಒಂದು ಬದಿಯಲ್ಲಿ ಹಳೆಯ ತೂತುಗಳೂ ಇದ್ದವು, ಸುತ್ತಲ ತೊಗಟೆ ತುಟಿಯಂತೆ ಉಬ್ಬಿ ಮುಚ್ಚಿಕೊಳ್ಳುತ್ತಿತ್ತು. ಖೋಡಕಿಡಾ ಇಲ್ಲಿಯೂ ಬಂದು ಹೋಗಿದೆ. ಮಾಮಾ ಆ ತೂತಿಗೆ ಬೆರಳಿಟ್ಟು ಹೇಳಿದರು: "ನಾನು ಹುಡುಗ ಇದ್ದಾಗಿಂದ ಇದು ಹಿಂಗ ಐತಿ. ಹುಳ ತಿನ್ನತೈತಿ, ಮರ ಬೆಳೀತೈತಿ."

ಈ ಹುಳುವಿನ ಕತೆ ನನಗೆ ತಕ್ಕಮಟ್ಟಿಗೆ ಗೊತ್ತು. ಬಟೋಸೆರಾ ರುಫೊಮ್ಯಾಕುಲೇಟ ಎಂಬ ಉದ್ದ ಮೀಸೆಯ ದುಂಬಿಯ ಮರಿ ಅದು. ದುಂಬಿ ಬೂದುಕಂದು, ರೆಕ್ಕೆಯ ಮೇಲೆ ಕೆಂಪುಹಳದಿ ಚುಕ್ಕೆ, ಮೀಸೆ ಮೈಗಿಂತ ಉದ್ದ. ಹೆಣ್ಣು ತೊಗಟೆಯನ್ನು ಕಚ್ಚಿ ಸೀಳಿ ಮೊಟ್ಟೆಯಿಡುತ್ತದೆ. ಮರಿ ತೊಗಟೆಯ ಕೆಳಗಿನ ಜೀವಪದರವನ್ನು ಮೊದಲು ತಿಂದು, ಆಮೇಲೆ ಕಟ್ಟಿಗೆಯೊಳಗೆ ಸುರಂಗ ಕೊರೆದು ತಿಂಗಳುಗಟ್ಟಲೆ ಅಲ್ಲೇ ಇರುತ್ತದೆ. ಮಾವು, ಹಲಸು, ಅಂಜೂರ, ಅತ್ತಿಯ ಬಳಗ ಇದರ ಊಟ. ಕಾಡಿನಲ್ಲಿ ಅದಕ್ಕೂ ಕಾಟ ಉಂಟು. ಮರಕುಟಿಗ ಕುಟ್ಟಿ ತೆಗೆಯುತ್ತದೆ, ಇರುವೆ ಮೊಟ್ಟೆ ಹೊರುತ್ತದೆ, ಮರಿಯ ಮೈಯಲ್ಲೇ ಮೊಟ್ಟೆಯಿಡುವ ಕಣಜಗಳಿವೆ. ಸಾಲಾಗಿ ಒಂದೇ ಜಾತಿಯ ಮರ ನೆಟ್ಟ ತೋಟದಲ್ಲಿ ಊಟ ಸಾಲಾಗಿ ಸಿಗುತ್ತದೆ, ಕಾಯುವವರು ಮಾತ್ರ ಇರುವುದಿಲ್ಲ. ಆಗ ಸೈಕಲ್ ಕಡ್ಡಿ ಹಿಡಿದು ಮನುಷ್ಯನೇ ಮರಕುಟಿಗನಾಗಬೇಕು.

ಮಾಮಾ ಹದವಾಗಿ ಬಲಿತ ಒಂದು ಕಾಯಿ ಕಿತ್ತು ಕೈಗಿಟ್ಟರು. ಬಿಡಿಸಿದೆ. ಬಿಸಿಲು ಬಿದ್ದದ್ದೇ ತಡ, ಎಳ್ಳಿಗಿಂತ ಚಿಕ್ಕ ಕಪ್ಪು ಜೀವಗಳು ಕಾಯಿಯ ಹೊಟ್ಟೆಯಿಂದ ಎದ್ದವು. ಅವ್ವನಂತೆ ಊದಿದೆ. ಹಾರಿದವು.

ಅವುಗಳ ಮನೆ ಎಲ್ಲಿ ಎಂಬುದಕ್ಕೆ ಉತ್ತರ ಹುಡುಕಿದವರು ನಮ್ಮ ಬೆಂಗಳೂರಿನಲ್ಲೂ ಇದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ರೆನೀ ಬೋರ್ಜೆಸ್ ಮತ್ತು ಅವರ ವಿದ್ಯಾರ್ಥಿಗಳು ಇದೇ ಅತ್ತಿಯನ್ನು ವರ್ಷಗಟ್ಟಲೆ ಓದಿದ್ದಾರೆ. ಬೋರ್ಜೆಸ್ ಅವರ ಪಿಎಚ್.ಡಿ. ಅಧ್ಯಯನ ನಡೆದದ್ದು ಈ ಭೀಮಾಶಂಕರದ ಕಾಡಿನಲ್ಲಿ, ಜೊತೆಗೆ ನಮ್ಮ ಉತ್ತರ ಕನ್ನಡದ ಮಾಗೋಡಿನಲ್ಲಿ. ಅಂದು ಅವರು ಬೆನ್ನು ಹತ್ತಿದ್ದು ಮಹಾರಾಷ್ಟ್ರದವರು ಶೇಕರೂ ಎನ್ನುವ ದೊಡ್ಡ ಕೆಂಪು ಅಳಿಲನ್ನು. ಅದು ಆ ರಾಜ್ಯದ ಪ್ರಾಣಿ. ಸುಮಾರು 130 ಚದರ ಕಿಲೋಮೀಟರಿನ ಈ ಅಭಯಾರಣ್ಯಕ್ಕೆ 1985ರಲ್ಲಿ ರಕ್ಷಣೆ ಸಿಕ್ಕಿತು, ಶೇಕರೂವೇ ಅದರ ಹೆಮ್ಮೆ.

ಅತ್ತಿಯ ಹೂವನ್ನು ಕಂಡವರಿಲ್ಲ ಎನ್ನುತ್ತಾರೆ. ಕಾಣದಿರುವುದಕ್ಕೆ ಕಾರಣ, ಹೂವು ಕಾಯಿಯ ಒಳಗಿದೆ. ನೂರಾರು ಸಣ್ಣ ಹೂಗಳು ಒಳಮುಖವಾಗಿ ಅರಳುತ್ತವೆ. ಒಳಹೋಗಲು ತುದಿಯಲ್ಲಿ ಒಂದು ಕಿರುಬಾಯಿ. ಸೆರಟೋಸೋಲೆನ್ ಎಂಬ ಅತ್ತಿಕಣಜದ ಹೆಣ್ಣು ಆ ಬಾಯಿಯಲ್ಲಿ ನುಗ್ಗುವಾಗ ರೆಕ್ಕೆ ಮುರಿದುಕೊಳ್ಳುತ್ತದೆ. ಮತ್ತೆ ಹೊರಗೆ ಬರುವ ಮಾತಿಲ್ಲ. ಎದೆಯ ಚೀಲದಲ್ಲಿ ಹೊತ್ತು ತಂದ ಪರಾಗವನ್ನು ಹೂಗಳಿಗೆ ಕೊಟ್ಟು, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಮೊಟ್ಟೆ ಬಿದ್ದ ಹೂ ಮರಿಗೆ ಮನೆ, ಉಳಿದ ಹೂ ಮರಕ್ಕೆ ಬೀಜ. ವಾರಗಳ ನಂತರ ರೆಕ್ಕೆಯಿಲ್ಲದ ಗಂಡುಗಳು ಮೊದಲು ಹೊರಬಂದು, ಹೆಣ್ಣನ್ನು ಕೂಡಿ, ಕಾಯಿಯ ಗೋಡೆ ಕೊರೆದು ದಾರಿ ಮಾಡಿ ಪ್ರಾಣ ಬಿಡುತ್ತವೆ. ಆ ದಾರಿಯಲ್ಲಿ ಪರಾಗ ಹೊತ್ತ ಹೆಣ್ಣುಗಳು ಹಾರುತ್ತವೆ. ಅವು ಹೋದ ಮೇಲೆಯೇ ಹಣ್ಣು ಕೆಂಪಾಗಿ ಮೆತ್ತಗಾಗುವುದು.

ಈ ನೆಂಟಸ್ತಿಕೆಗೆ ಕನ್ನ ಹಾಕುವವರೂ ಇದ್ದಾರೆ. ಪರಾಗ ತರದ ಬೇರೆ ಜಾತಿಯ ಕಣಜಗಳು ಹೊರಗೇ ಕೂತು, ಕೂದಲಿಗಿಂತ ಸಪೂರವಾದ ಸೂಜಿಯಿಂದ ಕಾಯಿಯ ಗೋಡೆ ಚುಚ್ಚಿ ಮೊಟ್ಟೆಯಿಡುತ್ತವೆ. ಅವುಗಳಲ್ಲಿ ಅಪೋಕ್ರಿಪ್ಟಾ ಎಂಬ ಕಣಜದ ಸೂಜಿಯ ತುದಿಯ ಹಲ್ಲುಗಳಲ್ಲಿ ಸತುವಿನ ಅಂಶವಿದೆ ಎಂದು ವಿಜ್ಞಾನ ಸಂಸ್ಥೆಯ ಸಂಶೋಧಕರೇ 2014ರಲ್ಲಿ ತೋರಿಸಿಕೊಟ್ಟರು. ಗಟ್ಟಿ ಕಾಯಿಯನ್ನು ಕೊರೆಯಲು ಕೀಟವೊಂದು ತನ್ನ ಉಪಕರಣಕ್ಕೆ ಲೋಹದ ಮೊನೆ ಕಟ್ಟಿಕೊಂಡಿದೆ. ಅಂಥ ಕಣಜಗಳನ್ನು ಹಿಡಿದು ತಿನ್ನಲು ಇರುವೆಗಳು ಕಾಯಿಗಳ ಮೇಲೆ ಓಡಾಡುತ್ತಿರುತ್ತವೆ. ನಮ್ಮ ಮುಂದಿದ್ದ ಗೊಂಚಲಿನ ಮೇಲೂ ಕೆಂಪಿರುವೆಯ ಸಾಲು ಇತ್ತು. ಮಾಮಾ ಅದನ್ನು ಮುಟ್ಟದಂತೆ ನನ್ನ ಕೈ ಸರಿಸಿದರು.

ಅಮರಕೋಶ ಅತ್ತಿಗೆ ಕೊಡುವ ಹೆಸರುಗಳಲ್ಲಿ ಒಂದು ಜಂತುಫಲ. ಹುಳುಗಳಿರುವ ಹಣ್ಣು. ಅದೇ ಕೋಶ ಅದೇ ಮರವನ್ನು ಯಜ್ಞಾಂಗ ಎಂದೂ ಕರೆಯುತ್ತದೆ. ಮಹಾಭಾರತದ ಶಾಂತಿಪರ್ವದಲ್ಲಿ ಬುದ್ಧಿ ಮತ್ತು ಆತ್ಮದ ಸಂಬಂಧವನ್ನು ಹೇಳುವಾಗ ಅತ್ತಿಹಣ್ಣು ಮತ್ತು ಅದರೊಳಗಿನ ನೊರಜಿನ ಹೋಲಿಕೆ ಬರುತ್ತದೆ, ಎರಡೂ ಸದಾ ಕೂಡಿಯೇ ಇರುತ್ತವೆ, ಆದರೂ ಬೇರೆ ಬೇರೆ. ಹಿರಿಯರು ಹಣ್ಣನ್ನು ಬಿಡಿಸಿ ಹುಳುವನ್ನು ಕಂಡರು, ಕಂಡೂ ಮರವನ್ನು ಪೂಜೆಯಿಂದ ಹೊರಗಿಡಲಿಲ್ಲ.

ಹಳ್ಳದ ದಂಡೆಯ ಕಲ್ಲಿನ ಮೇಲೆ ಕೂತು ಬುತ್ತಿ ಬಿಚ್ಚಿದಾಗ, ಹುಳು ಮರವನ್ನು ಕೊಲ್ಲುತ್ತಿರುವ ದೂರದ ಇನ್ನೊಂದು ಬೆಟ್ಟಸಾಲು ನೆನಪಾಯಿತು. ಕಜಾಕಸ್ತಾನ, ಕಿರ್ಗಿಸ್ತಾನ, ಚೀನಾಗಳ ಗಡಿಯಲ್ಲಿ ಹಬ್ಬಿದ ತಿಯಾನ್ ಶಾನ್ ಪರ್ವತ. ಅದರ ಇಳಿಜಾರಿನಲ್ಲಿ ಕಾಡುಸೇಬಿನ ವನಗಳಿವೆ. ನಾವು ತಿನ್ನುವ ಸೇಬಿನ ಮೂಲ ತಾಯಿ ಆ ಮರ. ರಷ್ಯಾದ ಸಸ್ಯವಿಜ್ಞಾನಿ ನಿಕೊಲಾಯ್ ವಾವಿಲೊವ್ 1929ರಲ್ಲಿ ಅಲ್ಲಿಗೆ ಹೋಗಿ, ಸೇಬಿನ ತವರು ಇದೇ ಎಂದು ಗುರುತಿಸಿದರು. ಇಂದು ಆ ಮರ ಅಳಿವಿನ ಆತಂಕದ ಪಟ್ಟಿಯಲ್ಲಿದೆ. ಚೀನಾದ ಇಲಿ ಕಣಿವೆಯಲ್ಲಿ ಅದನ್ನು ಒಣಗಿಸುತ್ತಿರುವುದು ಅಗ್ರಿಲಸ್ ಮಾಲಿ ಎಂಬ ಒಂದು ಸೆಂಟಿಮೀಟರ್ ಉದ್ದದ, ಲೋಹದಂತೆ ಮಿನುಗುವ ದುಂಬಿ. ಅದರ ಮರಿ ತೊಗಟೆಯ ಕೆಳಗೆ ಸುತ್ತಿ ಸುತ್ತಿ ಕೊರೆದು, ಸಾರ ಹರಿಯುವ ದಾರಿಯನ್ನೇ ಕತ್ತರಿಸುತ್ತದೆ. ಆ ದುಂಬಿ ಅಲ್ಲಿಯದಲ್ಲ. 1990ರ ದಶಕದ ಆರಂಭದಲ್ಲಿ ಪೂರ್ವ ಚೀನಾದಿಂದ ತೋಟಕ್ಕೆಂದು ತಂದ ಸೇಬಿನ ಸಸಿಗಳ ಜೊತೆ ಬಂತು, ತೋಟದಿಂದ ಕಾಡಿಗೆ ಹತ್ತಿತು. ಕಾಡುಸೇಬಿಗೆ ಅದರ ಪರಿಚಯ ಇರಲಿಲ್ಲ, ಅದನ್ನು ಹಿಡಿತದಲ್ಲಿಡುವ ಜೀವಗಳೂ ಅಲ್ಲಿ ಸಾಕಷ್ಟು ಇರಲಿಲ್ಲ. ಸಾವಿರಾರು ವರ್ಷಗಳ ವನ ಕೆಲವೇ ದಶಕಗಳಲ್ಲಿ ಬೋಳಾಗತೊಡಗಿತು.

ಸಾಸವಡದ ರೈತರು ಹುಳು ಕಾಡಿನಿಂದ ತೋಟಕ್ಕೆ ಇಳಿಯುತ್ತದೆ ಎಂದಿದ್ದರು. ತಿಯಾನ್ ಶಾನ್‌ನಲ್ಲಿ ಅದು ತೋಟದಿಂದ ಕಾಡಿಗೆ ಏರಿತು. ನಮ್ಮ ಉದ್ದ ಮೀಸೆಯ ದುಂಬಿಯೂ ಕಳೆದ ಶತಮಾನದಲ್ಲಿ ಸಮುದ್ರ ದಾಟಿ ಇಸ್ರೇಲ್ ತಲುಪಿ, ಅಲ್ಲಿಯ ಅಂಜೂರದ ಮರಗಳನ್ನು ಕೊಂದಿದೆ. ಮಾಮಾನ ಉಂಬರದಲ್ಲಿ ತೂತು ಬಿಟ್ಟು ಹೋಗುವ ಹುಳುವೇ ಅಲ್ಲಿ ಮಾರಿಯಾಯಿತು. ಹುಳು ಅದೇ, ಹಸಿವೂ ಅದೇ. ಬದಲಾದದ್ದು ಅದರ ಸುತ್ತ ಯಾರಿದ್ದಾರೆ ಎಂಬುದು. ಈ ಹಳ್ಳದ ದಂಡೆಯಲ್ಲಿ ನನಗೆ ಮನದಟ್ಟಾದ ಸಂಗತಿ ಇದು: ಕೀಟವನ್ನು ಪೀಡೆ ಮಾಡುವುದು ಒಡೆದ ಕಾಡು ಮತ್ತು ನಮ್ಮ ಅವಸರದ ಸಾಗಾಟ.

ಇಳಿಹೊತ್ತಿಗೆ ಮಾಮಾ ಒಂದು ದೇವರಾಯಿಗೆ ಕರೆದೊಯ್ದರು. ನಮ್ಮ ಕಡೆ ದೇವರಕಾಡು ಎನ್ನುವುದು. ಚಪ್ಪಲಿ ಹೊರಗೆ ಬಿಟ್ಟು ಹೋದೆವು. 1970ರ ದಶಕದಲ್ಲಿ ಪುಣೆಯ ಮಾಧವ ಗಾಡಗೀಳ ಮತ್ತು ವಿ.ಡಿ. ವರ್ತಕ ಸಹ್ಯಾದ್ರಿಯ ಇಂಥ ಬನಗಳನ್ನು ಸುತ್ತಿ ದಾಖಲಿಸಿದ್ದರು, ದೇವರ ಭಯ ಕಾಪಾಡಿದ ಮರಗಳ ಬೆಲೆಯನ್ನು ವಿಜ್ಞಾನದ ಭಾಷೆಯಲ್ಲಿ ಹೇಳಿದ್ದರು. ಒಳಗೆ ಒಂದು ದೊಡ್ಡ ಮರ ಬಿದ್ದು ಕೊಳೆಯುತ್ತಿತ್ತು. ಮೈಯೆಲ್ಲ ತೂತು, ತೂತಿನಲ್ಲೆಲ್ಲ ಪುಡಿ. ಯಾರೂ ಅದನ್ನು ಸೌದೆಗೆ ಒಯ್ದಿರಲಿಲ್ಲ. "ದೇವರದು, ಹುಳ ತಿಂದು ಮುಗಸ್ತಾವ" ಎಂದರು ಮಾಮಾ. ಮೇಲೆ ಎಲೆಗಳ ನಡುವೆ ಏನೋ ಸರಿದಾಡಿತು. ಕೆಂಪು ಬೆನ್ನು, ಮೈಯಷ್ಟೇ ಉದ್ದದ ಬಾಲ. ಶೇಕರೂ ಒಂದು ಕೊಂಬೆಯಿಂದ ಇನ್ನೊಂದಕ್ಕೆ ಹಾರಿ, ಕೂತು, ನಮ್ಮನ್ನು ನೋಡಿ ಗದರಿಸಿ ಮರೆಯಾಯಿತು. ಮರದಿಂದ ಮರಕ್ಕೆ ಹಾರುವ ಪ್ರಾಣಿಗೆ ನಡುವೆ ಒಂದು ಮರ ಹೋದರೆ ದಾರಿಯೇ ಹೋಗುತ್ತದೆ.

ಅತ್ತಿಕಣಜದ ಪಾಡೂ ಅದೇ. ರೆಕ್ಕೆ ಬಂದ ಹೆಣ್ಣಿಗೆ ಇರುವ ಆಯುಸ್ಸು ಒಂದೆರಡು ದಿನ. ಅಷ್ಟರಲ್ಲಿ ಅದು ಹೂ ಅರಳಿಸಿಕೊಂಡು ಕಾದಿರುವ ಇನ್ನೊಂದು ಅತ್ತಿಮರವನ್ನು ಸೇರಬೇಕು. ಗಾಳಿ ಅದಕ್ಕೆ ನೆರವಾಗುತ್ತದೆ. ನಮೀಬಿಯಾದ ಮರುಭೂಮಿಯಲ್ಲಿ ಅತ್ತಿಯ ಹತ್ತಿರದ ಬಂಧುವಾದ ಮರಗಳ ಕಣಜಗಳು 160 ಕಿಲೋಮೀಟರ್‌ವರೆಗೂ ಪರಾಗ ಒಯ್ದದ್ದನ್ನು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಅಲ್ಲಿ ನದಿಯ ದಂಡೆಯುದ್ದಕ್ಕೂ ಬೆಳೆದ ಮರಗಳೇ ಅವುಗಳ ದಾರಿ. ಗಾಳಿ ಎಷ್ಟೇ ದೂರ ಒಯ್ದರೂ ಕೊನೆಗೆ ಇಳಿಯಲು ಒಂದು ಮರ ಬೇಕು. ಅತ್ತಿಗಳು ಎಲ್ಲವೂ ಒಮ್ಮೆಲೇ ಕಾಯಿ ಬಿಡುವುದಿಲ್ಲ, ಒಂದು ಮರದ ಕಣಜ ಹೊರಡುವ ಹೊತ್ತಿಗೆ ಇನ್ನೊಂದು ಮರ ಬಾಗಿಲು ತೆರೆದಿರುತ್ತದೆ. ಅದಕ್ಕೆ ಮರಗಳ ಸಂಖ್ಯೆ ಸಾಕಷ್ಟಿರಬೇಕು. ಸಾಸವಡದ ಅಂಜೂರಕ್ಕೆ ಈ ಚಿಂತೆಯಿಲ್ಲ, ಅದು ಕಣಜ ಬಾರದೆಯೂ ಹಣ್ಣಾಗುವ ತಳಿ. ಅತ್ತಿಗೆ ಕಣಜವಿಲ್ಲದೆ ಬೀಜವಿಲ್ಲ, ಕಣಜಕ್ಕೆ ಅತ್ತಿಯಿಲ್ಲದೆ ಮನೆಯಿಲ್ಲ.

ನಾನು ಹುಡುಗನಾಗಿದ್ದಾಗ ನಮ್ಮೂರ ಭೀಮೆಯ ದಂಡೆಯಲ್ಲಿ ಹನ್ನೊಂದು ಅತ್ತಿಮರಗಳಿದ್ದವು. ಈಗ ಎರಡಿವೆ. ಕಬ್ಬಿನ ಹೊಲ ದಂಡೆಯ ತನಕ ಬಂತು. ಮರಳು ತೆಗೆದಲ್ಲೆಲ್ಲ ದಂಡೆ ಕುಸಿದು ಮರ ಉರುಳಿದವು. ಎಲೆಗೆ ಗುಳ್ಳೆ ಎದ್ದಿದೆ, ಕಾಯಿಗೆ ಹುಳ ಬಿದ್ದಿದೆ, ಪಕ್ಕದ ಬೆಳೆಗೆ ಹತ್ತೀತು ಎಂದು ಕಡಿದವರೂ ಉಂಟು. ಆ ಗುಳ್ಳೆಯ ಕೀಟ ಕಬ್ಬನ್ನಾಗಲಿ ತೊಗರಿಯನ್ನಾಗಲಿ ಮುಟ್ಟುವುದಿಲ್ಲ, ಅತ್ತಿಕಣಜ ಅತ್ತಿಯನ್ನು ಬಿಟ್ಟು ಬೇರೆಲ್ಲೂ ಬದುಕುವುದಿಲ್ಲ. ಇದನ್ನು ಹೇಳುವವರು ಊರಲ್ಲಿ ಯಾರೂ ಇರಲಿಲ್ಲ. ನನಗೂ ತಿಳಿದಿರಲಿಲ್ಲ.

ಗಾಣಗಾಪುರದ ಸಂಗಮದಲ್ಲಿ ಒಂದು ಕತೆ ಹೇಳುತ್ತಾರೆ, ಗುರುಚರಿತ್ರೆಯಲ್ಲೂ ಇದೆ. ರೋಗದಿಂದ ನರಳುತ್ತಿದ್ದ ನರಹರಿಗೆ ಗುರುಗಳು ಒಣಗಿದ ಅತ್ತಿಯ ಕೊರಡೊಂದನ್ನು ಕೊಟ್ಟು ನೀರೆರೆ ಎಂದರಂತೆ. ಜನ ಆಡಿಕೊಂಡರೂ ಅವನು ದಿನವೂ ನೀರೆರೆದ. ಕೊರಡು ಚಿಗುರಿತು. ಚಿಕ್ಕಂದಿನಿಂದ ಎಷ್ಟೋ ಸಲ ಕೇಳಿದ ಕತೆ. ಭೀಮಾಶಂಕರದಿಂದ ಇಳಿದು ಬರುವಾಗ, ಡಿಂಭೆಯ ಹಿನ್ನೀರಿನ ಮೇಲೆ ಕತ್ತಲು ಇಳಿಯುತ್ತಿದ್ದಾಗ, ಅದನ್ನು ಮತ್ತೆ ನೆನೆದೆ. ನಮ್ಮ ಮುಂದಿರುವ ಕೆಲಸ ನರಹರಿಯದಕ್ಕಿಂತ ಎಷ್ಟೋ ಹಗುರ. ನಮ್ಮ ಕೈಯಲ್ಲಿರುವುದು ಇನ್ನೂ ಹಸಿಯಾಗಿರುವ ಮರ.

ಭೀಮೆಯ ದಂಡೆಯಲ್ಲಿರುವವರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಹೊಲದ ಬದುವಿನಲ್ಲಿ ಅತ್ತಿಮರ ಇದ್ದರೆ ಇರಲಿ ಬಿಡಿ. ಎಲೆಯ ಗುಳ್ಳೆಗೆ ಔಷಧಿ ಹೊಡೆಯಬೇಡಿ, ಹೊಡೆದ ಔಷಧಿ ಕಣಜವನ್ನೂ ಇರುವೆಯನ್ನೂ ಒಟ್ಟಿಗೆ ಕೊಲ್ಲುತ್ತದೆ. ಹಣ್ಣಿನ ಸಸಿ ತರುವುದಾದರೆ ಬುಡ, ಕಾಂಡ ನೋಡಿ ತನ್ನಿ, ತೂತು ಅಥವಾ ಪುಡಿ ಕಂಡರೆ ಬೇಡವೆನ್ನಿ. ಈ ಮಳೆಗಾಲದಲ್ಲಿ ನದಿಯ ದಂಡೆಗೆ ಒಂದು ಅತ್ತಿ ನೆಡಿ. ನಮ್ಮೂರ ಎರಡು ಮರಗಳ ನಡುವಿನ ಖಾಲಿ ಜಾಗದಲ್ಲಿ ನಾನು ನಾಲ್ಕು ಸಸಿ ನೆಡುತ್ತಿದ್ದೇನೆ.